ತೊಂಬತ್ತು ಮಿಲಿಮೀಟರ್

ಮಾರ್ಚ್ 2

ಬೆಟ್ಟ ಸೀಮೆಯ ಅಂಚೆ ಮಹಾರಾಣಿಯವರ ಸನ್ನಿಧಾನಕ್ಕೆ,

ತಮ್ಮ ಒಡಹುಟ್ಟಿದವನೂ ತಮ್ಮ ಬೈಕಿನ ಆಸ್ಥಾನ ವೈದ್ಯನೂ ಆದ ನಾನು ನೊಂದು ಬರೆದುಕೊಳ್ಳುವುದೇನೆಂದರೆ: ಕಾಯಿಲೆ ಬೈಕಿನದು, ವೈದ್ಯ ನಾನು, ಸುದ್ದಿ ಹೋಗಿದ್ದು ಮಾತ್ರ ಅಮ್ಮನಿಗೆ. ‘ಗುಂಡಿಗೆ ಇಳಿದಾಗಲೆಲ್ಲ ಮುಂದಿನ ಫೋರ್ಕು ಟಕ್ಕೆಂದು ತಳ ಮುಟ್ಟುತ್ತದೆ, ಮೊಣಕೈವರೆಗೆ ಏಟು ಬರುತ್ತದೆ’ ಎಂದು ನೀನು ಬರೆದದ್ದನ್ನು, ಕನ್ನಡಕ ಸಿಗಲಿಲ್ಲವೆಂದು ಅಮ್ಮ ನನ್ನಿಂದಲೇ ಓದಿಸಿದಳು. ಓದುತ್ತ ಓದುತ್ತ ನನ್ನ ದನಿ ಹೇಗೆ ಸಣ್ಣಗಾಯಿತು ಎನ್ನುವುದನ್ನು ಇಲ್ಲಿ ವಿವರಿಸುವುದಿಲ್ಲ.

ಫೋರ್ಕು ಎಂದರೇನು ಎಂದು ಅಮ್ಮ ಕೇಳಿದಳು. ಹ್ಯಾಂಡಲ್ಲಿನಿಂದ ಮುಂದಿನ ಚಕ್ರದವರೆಗೆ ಇಳಿದಿರುವ ಎರಡು ಕೊಳವೆ ಎಂದು ಬಿಡಿಸಿ ಹೇಳಿದೆ. ಒಂದೊಂದರೊಳಗೂ ಒಂದು ಸ್ಪ್ರಿಂಗು, ಒಂದಿಷ್ಟು ಎಣ್ಣೆ. ಗುಂಡಿ ಬಂದರೆ ಸ್ಪ್ರಿಂಗು ಏಟು ತಿನ್ನುತ್ತದೆ, ಎಣ್ಣೆ ಅದನ್ನು ಕುಣಿಯದಂತೆ ಹಿಡಿಯುತ್ತದೆ. ಅಮ್ಮ ಎಲ್ಲ ಕೇಳಿಸಿಕೊಂಡು, “ಹಾಗಾದ್ರೆ ನಿನಗೂ ಎರಡು ಹಾಕಿಸ್ಬೇಕು” ಅಂದಳು.

ಡಾಂಬರಿಗೂ ಸೈ ಕಲ್ಲುದಾರಿಗೂ ಸೈ ಎನ್ನುವ ಆ ಬೈಕಿನ ಫೋರ್ಕನ್ನು ಕೂಡಿಸಿದ್ದು ಈ ಕೈ. ಆರು ತಿಂಗಳ ಪರೀಕ್ಷಾವಧಿ ಮುಗಿದು, ಅಂಚೆಯವರು ನಿನ್ನ ಕೆಲಸ ಖಾಯಂ ಮಾಡಿ, ನೀನು ರಜೆಗೆ ಬರುವವರೆಗೆ ತಾಳ್ಮೆಯಿಂದಿರು. ನಾನೇ ನೋಡುತ್ತೇನೆ. ಅಲ್ಲಿಯವರೆಗೆ ಬೇರೆ ಯಾರೂ ಅದರ ಮುಚ್ಚಳ ಬಿಚ್ಚಕೂಡದೆಂದು ಈ ಮೂಲಕ ಆಜ್ಞೆ ಹೊರಡಿಸಲಾಗಿದೆ.

ಇತಿ ತಮ್ಮ ವಿಧೇಯ,
ಫೋರ್ಕ್ ಶಾಸ್ತ್ರ ವಿಶಾರದ


ಮಾರ್ಚ್ 10

ಕೋತಿಗೆ,

ನಿನ್ನ ಆಜ್ಞೆಯನ್ನು ನಾನೇ ಹೊತ್ತು ತಂದು ನನಗೇ ಬಟವಾಡೆ ಮಾಡಿಕೊಂಡೆ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಖಾಲಿ ಚೀಲ ತೆಗೆದುಕೊಂಡು ಬೆಟ್ಟ ದಾಟಿ ಪೇಟೆಗೆ ಹೋಗುವುದು, ಅಲ್ಲಿ ತುಂಬಿದ ಚೀಲ ಕಟ್ಟಿಸಿಕೊಂಡು ಮತ್ತೆ ನೆತ್ತಿ ಹತ್ತಿ ಈಚೆ ಹೊಳೆಯವರೆಗೆ ಇಳಿಯುವುದು. ಇಳಿಜಾರಿನಲ್ಲಿ ಹದಿನೇಳು ತಿರುವು. ನನ್ನ ಕೋಣೆ ಇರುವುದು ಹೊಳೆ ದಡದ ಅಂಚೆ ಕಚೇರಿಯ ಹಿಂದೆ. ಫೋನು ಪೇಟೆಯಲ್ಲಿ ಮಾತ್ರ. ಇಲ್ಲಿಗೆ ಬರುವುದು ಪತ್ರ ಮತ್ತು ಮಂಜು.

ಆಜ್ಞೆ ಬರುವುದಕ್ಕೆ ನಾಲ್ಕು ದಿನ ಮುಂಚೆಯೇ ಮುಚ್ಚಳ ಬಿಚ್ಚಿ ಆಗಿತ್ತು. ಕಚೇರಿಯ ಪಕ್ಕದ ಅಂಗಡಿಯಲ್ಲಿ ಒಬ್ಬರಿದ್ದಾರೆ. ಎಲ್ಲರೂ ಗಡಿಯಾರ ಎಂದೇ ಕರೆಯುತ್ತಾರೆ. ಮೊದಲು ಕೈಗಡಿಯಾರ ರಿಪೇರಿ ಮಾಡುತ್ತಿದ್ದರಂತೆ. ಕೈಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಬೈಕಿಗೆ ಕೈ ಹಾಕಿದರು. ಈಗಲೂ ಒಂದು ಕಣ್ಣಿಗೆ ಆ ಸಣ್ಣ ಭೂತಗನ್ನಡಿ ಸಿಕ್ಕಿಸಿಕೊಂಡೇ ಬೋಲ್ಟು ನೋಡುತ್ತಾರೆ. ಬಿಚ್ಚಿದ ಒಂದೊಂದು ತಿರುಪನ್ನೂ ಒಂದೊಂದು ಬಟ್ಟಲಿನಲ್ಲಿ ಇಡುತ್ತಾರೆ. ನಿನ್ನ ಶೆಡ್ಡು ನೆನಪಾಯಿತು. ನಿನ್ನ ತಿರುಪುಗಳು ಎಲ್ಲಿರುತ್ತವೆ ಎನ್ನುವುದು ಅಮ್ಮನ ಪೊರಕೆಗೆ ಮಾತ್ರ ಗೊತ್ತು.

ನನ್ನನ್ನು ಬೈಕಿನ ಮೇಲೆ ಕೂರಿಸಿ, ಅಂಚೆ ಚೀಲವನ್ನೂ ಹೇರಿಸಿ, ಫೋರ್ಕು ಎಷ್ಟು ಕುಸಿಯುತ್ತದೆಂದು ಸ್ಕೇಲು ಹಿಡಿದು ಅಳೆದರು. “ನೀವು ಕೂತ್ರೇನೇ ಅರ್ಧ ಇಳಿದುಹೋಗುತ್ತೆ. ಇನ್ನು ಗುಂಡಿಗೆ ಉಳಿಯೋದೇನು? ಇದನ್ನ ಯಾರ ತೂಕಕ್ಕೆ ಕೂಡಿಸಿದ್ದು?” ಅಂದರು. ನಿನ್ನ ತೂಕ ಹೇಳಿದೆ. ಅವರು ನಗಲಿಲ್ಲ. ಭೂತಗನ್ನಡಿ ತೆಗೆದು ಒರೆಸಿಕೊಂಡರು, ಅಷ್ಟೇ.

ಆರು ವರ್ಷ ನಿನ್ನ ಕಡ್ಡಿ ಮೈಗೆ ಹೊಂದಿಸಿದ ಬೈಕನ್ನು ನಾನು ಓಡಿಸಿದ್ದೇನೆ ಕಣೋ. ಈಗ ಗಟ್ಟಿ ಸ್ಪ್ರಿಂಗಿಗೆ ಹೇಳಿ ಕಳಿಸಿದ್ದಾರೆ.

ಅಕ್ಕ


ಮಾರ್ಚ್ 16

ಅಂಚೆ ಮಹಾರಾಣಿಯವರಿಗೆ,

ಪತ್ರ ತಲುಪಿತು. ಅದನ್ನು ಸಮಚಿತ್ತದಿಂದ ಓದಲಾಯಿತು. ಆಮೇಲೆ ಸಮಚಿತ್ತದಿಂದಲೇ ಸ್ಪ್ಯಾನರೊಂದನ್ನು ಗೋಡೆಗೆ ಎಸೆಯಲಾಯಿತು.

ಗಡಿಯಾರ ಎಂಬ ಆ ಮಹನೀಯರ ಬಗ್ಗೆ ನನಗೆ ಯಾವ ದ್ವೇಷವೂ ಇಲ್ಲ. ಕೆಲವು ಸಣ್ಣ ಅನುಮಾನಗಳು ಮಾತ್ರ. ಭೂತಗನ್ನಡಿಯಲ್ಲಿ ನೋಡಿದರೆ ಹದಿನಾಲ್ಕರ ಬೋಲ್ಟು ನಲವತ್ತರಂತೆ ಕಾಣುವುದಿಲ್ಲವೇ? ಒಂದೊಂದು ತಿರುಪಿಗೂ ಒಂದೊಂದು ಬಟ್ಟಲಾದರೆ ಅವರು ಊಟ ಮಾಡುವುದು ಯಾವುದರಲ್ಲಿ? ವಯಸ್ಸೆಷ್ಟು? ಅಂಗಡಿಯಲ್ಲಿ ನಿನಗೆ ಕೂರಲು ಸ್ಟೂಲು ಹಾಕುತ್ತಾರೋ? ಇವೆಲ್ಲ ಕೇವಲ ತಾಂತ್ರಿಕ ಪ್ರಶ್ನೆಗಳು.

ನಿನ್ನ ಪತ್ರವನ್ನು ಇನ್ನೊಮ್ಮೆ ಎಣಿಸಿ ನೋಡಿದೆ. ಗಡಿಯಾರದ ಮೇಲೆ ಹದಿನಾಲ್ಕು ಸಾಲು. ನನ್ನ ಮೇಲೆ ನಾಲ್ಕು, ಅದರಲ್ಲಿ ಒಂದು ಪೊರಕೆಯ ಪಾಲು. ಆರು ವರ್ಷ ನಾನು ಆ ಬೈಕನ್ನು ಮಗುವಿನಂತೆ ನೋಡಿಕೊಂಡೆ. ಒಂದೇ ಒಂದು ಸಲ ತಾವು ಹೊಗಳಿದ್ದೀರಿ. “ಹಾರ್ನು ಪರವಾಗಿಲ್ಲ” ಅಂದಿದ್ದಿರಿ. ಹಾರ್ನು ಕಂಪನಿಯದು.

ಇಷ್ಟಾಗಿಯೂ ಕಲಿಯುವ ಹಂಬಲದಿಂದ ನಾನೂ ಇಲ್ಲಿನ ಪೇಟೆಯಿಂದ ಒಂದು ಭೂತಗನ್ನಡಿ ತಂದು ಕಣ್ಣಿಗೆ ಸಿಕ್ಕಿಸಿಕೊಂಡು ಕೆಲಸಕ್ಕೆ ಕೂತೆ. ಅಮ್ಮ ಟೀ ತಂದವಳು ಬಾಗಿಲಲ್ಲೇ ನಿಂತು, “ಕಣ್ಣಿಗೆ ಏನಾಯ್ತೋ, ಕುರು ಎದ್ದಿದೆಯಾ?” ಅಂದಳು. ಗಿರಾಕಿಯೊಬ್ಬ ಬೈಕು ಬಿಡಲು ಬಂದವನು ಆಮೇಲೆ ಬರುತ್ತೇನೆಂದು ಹೋದ. ಇನ್ನೂ ಬಂದಿಲ್ಲ.

ಇತಿ,
ಕಡ್ಡಿ ಮೈಯವನು


ಮಾರ್ಚ್ 24

ಕೋತಿಗೆ,

ಓದಿ ನಕ್ಕು ಸಾಕಾಯಿತು. ಕುರು ಎದ್ದ ಕಣ್ಣಿನ ಭಾಗವನ್ನು ಗಡಿಯಾರಕ್ಕೂ ಓದಿ ಹೇಳಿದೆ. ಅವರು ಮೊದಲ ಸಲ ಹಲ್ಲು ಕಾಣುವಂತೆ ನಕ್ಕಿದ್ದು ಅದಕ್ಕೇ. ವಯಸ್ಸು ನಲವತ್ತರ ಮೇಲಿರಬಹುದು. ಸ್ಟೂಲು ಹಾಕುತ್ತಾರೆ, ಒರೆಸಿಯೇ ಹಾಕುತ್ತಾರೆ.

ಸ್ಪ್ರಿಂಗು ಬಂತು. ಫೋರ್ಕು ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಿದ್ದಾರೆ. ಕೊಳವೆಯೊಳಗೆ ಒಂದು ಗೆರೆ ಬಿದ್ದಿತ್ತು. ಅದನ್ನು ಎರಡು ದಿನ ಕೂತು ಉಜ್ಜುಕಾಗದ ಸುತ್ತಿದ ಬೆರಳಲ್ಲಿ ಉಜ್ಜಿ ಉಜ್ಜಿ ತೆಗೆದರು. ನೋಡುವುದೇ ಒಂದು ಸೊಗಸು. ನಿಜವಾಗಿ ಹೇಳುತ್ತೇನೆ, ನೀನು ಒಂದು ತಿಂಗಳು ಇಲ್ಲಿ ಬಂದು ಇವರ ಪಕ್ಕ ಕೂತು ಕಲಿಯಬೇಕು.

ಈಗ ನಿನ್ನಿಂದ ಒಂದು ಕೆಲಸ. ಎಣ್ಣೆ ಎಷ್ಟು ಹಾಕಬೇಕು ಎನ್ನುವುದು ತಿಳಿಯಬೇಕಂತೆ. ಸ್ಪ್ರಿಂಗು ಹೊರಗೆ ತೆಗೆದು, ಫೋರ್ಕನ್ನು ಪೂರ್ತಿ ಕುಗ್ಗಿಸಿ ನಿಲ್ಲಿಸಿದಾಗ, ಕೊಳವೆಯ ಬಾಯಿಂದ ಎಣ್ಣೆಯ ಮಟ್ಟದವರೆಗೆ ಎಷ್ಟು ಮಿಲಿಮೀಟರ್ ಖಾಲಿ ಬಿಡಬೇಕು? ಒಳಗಿನ ಒಂದು ಭಾಗ ನೀನು ಕೈಯಲ್ಲಿ ಕೊರೆದು ಮಾಡಿದ್ದಂತೆ, ಪುಸ್ತಕದ ಲೆಕ್ಕ ಅದಕ್ಕೆ ಹೊಂದುವುದಿಲ್ಲವಂತೆ. “ನಾನು ಅಂದಾಜು ಮಾಡಬಲ್ಲೆ. ಆದ್ರೆ ನನಗಿಂತ ಮುಂಚೆ ಇದನ್ನ ಕೂಡಿಸಿದೋರು ಇದ್ದಾರಲ್ಲ, ಅವರನ್ನ ಕೇಳೋದು ಮರ್ಯಾದೆ” ಅಂದರು. ನಿನ್ನ ನೋಟ್‌ಬುಕ್ಕಿನಲ್ಲಿ ಇರುತ್ತದೆ, ನೋಡಿ ಬರೆ.

ಬೇಗ ಬರೆ. ಏಪ್ರಿಲ್ ಕೊನೆಗೆ ಮೇಲಿನ ಅಧಿಕಾರಿ ಬಂದು ದಾರಿ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಗೆದ್ದರೆ ಕೆಲಸ ನನ್ನದು. ಅಲ್ಲಿಯವರೆಗೆ ಪೋಸ್ಟ್‌ಮಾಸ್ಟರರ ಹಳೆ ಗಾಡಿಯಲ್ಲಿ ಕೆಮ್ಮುತ್ತ ಓಡಾಡುತ್ತಿದ್ದೇನೆ.

ಅಕ್ಕ


ಮಾರ್ಚ್ 30

ಪ್ರೀತಿಯ ಅಕ್ಕನಿಗೆ,

ನೋಟ್‌ಬುಕ್ ನೋಡಿದೆ. ತೊಂಬತ್ತು ಮಿಲಿಮೀಟರ್. ಎರಡೂ ಕೊಳವೆಗೆ ಒಂದೇ ಅಳತೆ.

ನನ್ನನ್ನು ಕೇಳಬೇಕೆಂದು ಅನ್ನಿಸಿದ್ದಕ್ಕೆ ಅವರಿಗೆ ನನ್ನ ನಮಸ್ಕಾರ ಹೇಳು. ಎಂಥ ದೊಡ್ಡ ಮನಸ್ಸು.

ನಿನ್ನ ತಮ್ಮ


ಏಪ್ರಿಲ್ 2

ಅಕ್ಕ,

ಈ ಪತ್ರ ಕೈಗೆ ಬಂದ ಕೂಡಲೇ ಬೈಕು ನಿಲ್ಲಿಸು. ತಳ್ಳಿಕೊಂಡೂ ಹೋಗಬೇಡ, ಅಲ್ಲೇ ನಿಲ್ಲಿಸು. ಅಳತೆ ತೊಂಬತ್ತು ಅಲ್ಲ. ನೂರೈವತ್ತು.

ನಾನು ಬೇಕೆಂದೇ ತೊಂಬತ್ತು ಬರೆದೆ. ತಮಾಷೆಗೆ, ಅಷ್ಟೇ. ಖಾಲಿ ಜಾಗ ಕಡಿಮೆ ಬಿಟ್ಟರೆ ಒಳಗೆ ಎಣ್ಣೆ ಜಾಸ್ತಿಯಾಗುತ್ತದೆ, ಗಾಳಿಗೆ ಕುಗ್ಗಲು ಜಾಗ ಉಳಿಯುವುದಿಲ್ಲ. ಜೋರಾಗಿ ಒಂದು ಸಲ ಒತ್ತಿ ನೋಡುತ್ತಾರೆ, ಎಣ್ಣೆ ತಡೆಯುವ ರಬ್ಬರ್ ಸೀಲು ಕಿತ್ತು ಎಣ್ಣೆ ಚಿಮ್ಮಿ ಗಡಿಯಾರದ ಬಟ್ಟಲುಗಳ ಮೇಲೆಲ್ಲ ಬೀಳುತ್ತದೆ, ನೀನು ನೋಡುತ್ತೀಯ. ಇಷ್ಟೇ ನಾನು ಅಂದುಕೊಂಡಿದ್ದು. ಅಂಗಡಿಯಲ್ಲೇ ಆಗುತ್ತದೆ ಅಂದುಕೊಂಡೆ.

ನಿನ್ನೆ ಬ್ರೆಡ್ಡು ಹಂಚುವವನು ಬೈಕು ತಳ್ಳಿಕೊಂಡು ಶೆಡ್ಡಿಗೆ ಬಂದ. ಅವನ ಫೋರ್ಕಿನ ಸೀಲು ಹೋಗಿ, ಎಣ್ಣೆ ಕೊಳವೆಯುದ್ದಕ್ಕೂ ಇಳಿದು ಮುಂದಿನ ಬ್ರೇಕಿನ ಡಿಸ್ಕಿಗೆ ಮೆತ್ತಿತ್ತು. “ಬ್ರೇಕ್ ಒತ್ತಿದೆ ಕಣಪ್ಪ, ಹಿಡೀಲೇ ಇಲ್ಲ. ಪುಣ್ಯಕ್ಕೆ ಎದುರಿಗೆ ಗೇಟು ಇತ್ತು” ಅಂದ. ಡಿಸ್ಕು ಒರೆಸುತ್ತಿದ್ದ ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ಎಣ್ಣೆ ಬ್ರೇಕಿಗೆ ಇಳಿಯುತ್ತದೆಂದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಪತ್ರ ಬರೆಯುವಾಗ ಗಡಿಯಾರದ ಮೇಜು ಮಾತ್ರ ಕಣ್ಣ ಮುಂದೆ ಇತ್ತು. ನಿನ್ನ ಹದಿನೇಳು ತಿರುವು ಇರಲಿಲ್ಲ.

ಪೇಟೆಯ ಅಂಚೆ ಕಚೇರಿಗೆ ಫೋನು ಮಾಡಿದೆ. ಗುಮಾಸ್ತರು, “ಅವರು ಆಚೆ ಕಡೆ ಇದ್ದಾರೆ. ನಾಳೆ ಬರ್ತಾರೆ, ಬಿಟ್ರೆ ಮಂಗಳವಾರ. ಏನು ಹೇಳ್ಬೇಕು?” ಅಂದರು. ಏನು ಹೇಳಲಿ? ಊರಿಗೆಲ್ಲ ಗೊತ್ತಾಗುವಂತೆ ಅವರ ಬಾಯಲ್ಲಿ ಹೇಗೆ ಹೇಳಿಸಲಿ? “ನನ್ನ ಪತ್ರ ಬರುತ್ತೆ, ಬೇಗ ಓದೋಕೆ ಹೇಳಿ” ಎಂದು ಇಟ್ಟುಬಿಟ್ಟೆ.

ಬೇಗ ಓದು ಅಕ್ಕ.


ಏಪ್ರಿಲ್ 14

ಅಕ್ಕ,

ನಿನ್ನಿಂದ ಪತ್ರ ಇಲ್ಲ. ಅಮ್ಮ ದಿನಕ್ಕೆರಡು ಸಲ ಕೇಳುತ್ತಾಳೆ. “ಅಂಚೆಯವಳ ಪತ್ರವೇ ತಡ ಆಗುತ್ತೆ, ನೋಡು” ಎಂದು ನಗಿಸಲು ನೋಡಿದೆ. ಅವಳು ನಗಲಿಲ್ಲ. ಪೇಟೆಗೆ ಫೋನು ಮಾಡಿದರೆ, “ಈಗ ಚೀಲ ತರ್ತಿರೋದು ಪೋಸ್ಟ್‌ಮಾಸ್ಟ್ರು” ಎನ್ನುತ್ತಾರೆ. ಯಾಕೆ ಎಂದು ಕೇಳಲು ಧೈರ್ಯ ಬರಲಿಲ್ಲ.

ಬೈದಾದರೂ ಬರೆ.


ಏಪ್ರಿಲ್ 19

ತಮ್ಮನಿಗೆ,

ಅಕ್ಷರ ನೋಡಿ ಗಾಬರಿಯಾಗಬೇಡ. ಹೇಳುತ್ತಿರುವವಳು ನಾನು, ಬರೆಯುತ್ತಿರುವವರು ಗಡಿಯಾರ. ನನ್ನ ಬಲ ಮುಂಗೈಯ ಮೂಳೆ ಮುರಿದಿದೆ. ಪಟ್ಟಿ ಬಿಚ್ಚಲು ಇನ್ನೂ ಐದು ವಾರ. ಅಮ್ಮನಿಗೆ ಕೈ ಉಳುಕಿದೆ ಎಂದು ಹೇಳು.

ನಿನ್ನ ತೊಂಬತ್ತರ ಪತ್ರ ಶುಕ್ರವಾರ ಬಂತು. ಶನಿವಾರ ಎಣ್ಣೆ ಹಾಕುವಾಗ ಅವರು ಸ್ಕೇಲನ್ನು ಎರಡೆರಡು ಸಲ ಇಳಿಸಿ ನೋಡಿದರು. “ತೊಂಬತ್ತೇ ಖಾಲಿ ಬಿಟ್ರೆ ಎಣ್ಣೆ ಜಾಸ್ತಿ ಆಗುತ್ತೆ ಅನ್ಸುತ್ತೆ. ಇನ್ನೊಂದು ಸಲ ಬರೆದು ಕೇಳಿ” ಅಂದರು. ನಾನು ಕೇಳಲಿಲ್ಲ. “ನನ್ನ ತಮ್ಮ ಎಲ್ಲದರಲ್ಲೂ ಕೋತಿಯಾಟ ಆಡ್ತಾನೆ, ಅಳತೆಯಲ್ಲಿ ಮಾತ್ರ ಆಡಲ್ಲ. ಅವನು ತೊಂಬತ್ತು ಅಂದ್ರೆ ತೊಂಬತ್ತೇ” ಎಂದು ಜಗಳಕ್ಕೇ ನಿಂತೆ. ಅವರು ಹಾಕಿದರು.

ಭಾನುವಾರ ಕಚೇರಿಯ ಅಂಗಳದಲ್ಲಿ ಓಡಿಸಿದೆ, ಚೆನ್ನಾಗಿಯೇ ಇತ್ತು. ಮಂಗಳವಾರ ಪೇಟೆಗೆ ಹೋದೆ. ಗುಮಾಸ್ತರು, “ನಿಮ್ಮ ತಮ್ಮನ ಫೋನ್ ಬಂದಿತ್ತು, ಶುಕ್ರವಾರ ಹೇಳೋದು ಮರೆತೆ. ಪತ್ರ ಬೇಗ ಓದ್ಬೇಕಂತೆ” ಅಂದರು. “ಅವನ ಪತ್ರಕ್ಕೆ ಯಾವತ್ತು ಅವಸರ ಇರ್ಲಿಲ್ಲ” ಅಂದೆ. ಅಷ್ಟರಲ್ಲಿ ಚೀಲಕ್ಕೆ ಅರಗು ಬಿದ್ದಾಗಿತ್ತು. ಮುದ್ರೆ ಒಡೆಯುವುದು ಹೊಳೆ ದಡದ ಕಚೇರಿಯಲ್ಲೇ, ಅದೂ ಪೋಸ್ಟ್‌ಮಾಸ್ಟರರೇ. ಹೊತ್ತವರು ಬಿಚ್ಚುವಂತಿಲ್ಲ, ಒಳಗೆ ತಮ್ಮ ಪತ್ರವೇ ಇದ್ದರೂ. ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬೆಟ್ಟ ಹತ್ತಿದೆ.

ಇಳಿಯುವಾಗ ಒಂದು ದೊಡ್ಡ ಕಲ್ಲಿನ ಮೇಲೆ ಮುಂದಿನ ಚಕ್ರ ಗೋಡೆಗೆ ಗುದ್ದಿದಂತಾಯಿತು. ಅದಾದ ಮೇಲೆ ನಾಲ್ಕು ತಿರುವು ಏನೂ ಗೊತ್ತಾಗಲಿಲ್ಲ. ಹದಿಮೂರನೆಯದರಲ್ಲಿ ಬ್ರೇಕು ಒತ್ತಿದರೆ ಸೋಪಿನ ಮೇಲೆ ಕೈಯಿಟ್ಟ ಹಾಗೆ. ಎಡಕ್ಕೆ ಹೊಳೆ, ಬಲಕ್ಕೆ ಮಣ್ಣಿನ ದಿಬ್ಬ. ಬಲಕ್ಕೆ ತಿರುಗಿಸಿದೆ. ಚೀಲಕ್ಕೆ ಏನೂ ಆಗಿಲ್ಲ. ಕೈ ಕೂಡಿದ ಮೇಲೆ ಪರೀಕ್ಷಾವಧಿ ಮತ್ತೆ ಮೊದಲಿಂದ ಎಂದು ಪೋಸ್ಟ್‌ಮಾಸ್ಟರ್ ಹೇಳಿದ್ದಾರೆ. ಅದು ಅವರ ದೊಡ್ಡತನ.

ಬರೆಯುವಾಗ ನಿನ್ನ ಕೈ ತಪ್ಪಿರಬೇಕು ಎಂದು ಗಡಿಯಾರಕ್ಕೆ ಹೇಳಿದ್ದೇನೆ. ಅವರು ಅದನ್ನು ಒಪ್ಪುತ್ತಾರೆ, ಸಮಾಧಾನ ಮಾತ್ರ ಆಗಿಲ್ಲ. “ಬರೆದವರ ಕೈ ತಪ್ಪಬಹುದು. ಜಾಸ್ತಿ ಅಂತ ಗೊತ್ತಿದ್ದೂ ಸುರಿದವನು ನಾನು” ಎನ್ನುತ್ತಾರೆ. ಬೈಕಿನ ಸಾಮಾನೆಲ್ಲ ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆದಿದ್ದಾರೆ. ಇನ್ನು ಮೇಲೆ ಕೈಗಡಿಯಾರ ಮಾತ್ರವಂತೆ. ಗಡಿಯಾರ ಕೆಟ್ಟರೆ ಯಾರೂ ಬೀಳುವುದಿಲ್ಲವಂತೆ. ಈ ದಾರಿಯಲ್ಲಿ ಓಡಾಡುವ ಹನ್ನೊಂದು ಬೈಕಿಗೆ ಇವರೊಬ್ಬರೇ. ಈ ಸಾಲು ಬೇಡವೆಂದು ಬರೆಯುವವರು ಪೆನ್ನು ಕೆಳಗಿಟ್ಟಿದ್ದರು, ಮತ್ತೆ ಎತ್ತಿಸಿದ್ದೇನೆ.

ಅಕ್ಕ

ಇದು ನನ್ನ ಎಡಗೈ. ಅವರು ಟೀ ತರಲು ಹೋಗಿದ್ದಾರೆ. ನಿನ್ನ ಎರಡನೇ ಪತ್ರ ಓದಿದೆ. ಅವರಿಗೆ ತೋರಿಸಿಲ್ಲ. ತಮಾಷೆ ಅಂತ ಬರೆದಿದ್ದೀಯ. ತಮಾಷೆ ಅಲ್ಲ ಅದು. ನನಗೆ ಬರೆಯಬೇಡ. ಅವರಿಗೆ ಬರೆ.


ಏಪ್ರಿಲ್ 27

ಗಡಿಯಾರ ರಿಪೇರಿ ಅಂಗಡಿಯವರಿಗೆ,

ನಾನು ಬೀಳಿಸಿದವನು. ಅವಳ ತಮ್ಮ.

ನನ್ನ ಕೈ ತಪ್ಪಲಿಲ್ಲ. ನೋಟ್‌ಬುಕ್ಕಿನಲ್ಲಿ ನೂರೈವತ್ತು ಇತ್ತು. ಅದನ್ನು ನೋಡಿಕೊಂಡೇ ತೊಂಬತ್ತು ಬರೆದೆ. ಮೂರು ದಿನ ಬಿಟ್ಟು ನಿಜ ಬರೆದು ಕಳಿಸಿದೆ. ಫೋನಿನಲ್ಲಿ ಹೇಳಬಹುದಿತ್ತು, ನಾಚಿಕೆಯಾಗಿ ಹೇಳಲಿಲ್ಲ. ಆ ಪತ್ರ ಅವಳ ಬೆನ್ನ ಹಿಂದಿನ ಚೀಲದಲ್ಲಿತ್ತು. ಇದನ್ನು ನಿಮಗೆ ಅಕ್ಕ ಹೇಳಿಲ್ಲ, ನಾನು ಹೇಳಲಿ ಎಂದು ಬಿಟ್ಟಿದ್ದಾಳೆ.

ಯಾಕೆ ಮಾಡಿದೆ ಎಂದು ಅಕ್ಕನಿಗೆ ಬರೆದಾಗ ತಮಾಷೆ ಎಂದೆ. ನಿಮಗೆ ಹಾಗೆ ಬರೆಯಲಾರೆ. ಹೊಟ್ಟೆಕಿಚ್ಚು. ನೀವು ತಿರುಪು ಬಟ್ಟಲಿನಲ್ಲಿ ಇಡುತ್ತೀರಿ ಎನ್ನುವುದಕ್ಕೆ, ಕೊಳವೆಯ ಗೆರೆಯನ್ನು ಬೆರಳಲ್ಲಿ ತೆಗೆದಿರಿ ಎನ್ನುವುದಕ್ಕೆ, ಸ್ಟೂಲು ಒರೆಸಿ ಹಾಕುತ್ತೀರಿ ಎನ್ನುವುದಕ್ಕೆ. ನನ್ನನ್ನು ಕೇಳುವುದು ಮರ್ಯಾದೆ ಅಂದಿರಲ್ಲ, ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದಕ್ಕೆ. ನಿಮ್ಮಲ್ಲಿ ಒಂದು ತಪ್ಪಾದರೂ ಸಿಗಲಿ ಎಂದು ಕಾದೆ, ಸಿಗಲಿಲ್ಲ, ಒಂದನ್ನು ನಾನೇ ತಯಾರಿಸಿ ಕಳಿಸಿದೆ. ಈಗಲೂ ಉರಿ ಪೂರ್ತಿ ಆರಿಲ್ಲ. ಅಕ್ಕನ ಪತ್ರ ನಿಮ್ಮ ದುಂಡು ಅಕ್ಷರದಲ್ಲಿ ಬಂದಾಗ ಮೊದಲು ಅನ್ನಿಸಿದ್ದು, ಇದೂ ಇವರಿಗೇ ಸಿಕ್ಕಿತಲ್ಲ ಎಂದು. ಅವಳ ಕೈ ಮುರಿದ ವಿಷಯ ಅದರ ಮುಂದಿನ ಸಾಲಿನಲ್ಲಿತ್ತು.

ಅವಳು ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದುಕೊಂಡಿದ್ದೆ. ನನ್ನ ಅಳತೆಗಾಗಿ ನಿಮ್ಮೆದುರು ಜಗಳಕ್ಕೆ ನಿಂತಳು ಎನ್ನುವುದನ್ನು ನಿಮ್ಮದೇ ಅಕ್ಷರದಲ್ಲಿ ಓದಬೇಕಾಯಿತು. ಆ ಹಾಳೆಯನ್ನು ಅಮ್ಮನಿಗೆ ಓದಿ ಹೇಳಿದೆ, ನನ್ನ ಎರಡು ಪತ್ರದಲ್ಲಿ ಏನಿತ್ತು ಎನ್ನುವುದನ್ನೂ ಸೇರಿಸಿ. ಅಮ್ಮ ನನ್ನ ಹತ್ತಿರ ಮಾತು ಬಿಟ್ಟು ಇವತ್ತಿಗೆ ಮೂರನೇ ದಿನ.

ಪೆಟ್ಟಿಗೆಯ ಮೊಳೆ ಕೀಳಿ. ತಪ್ಪು ಮಾಡಿದವನು ಶೆಡ್ಡು ತೆರೆದು ಕೂತಿರುವಾಗ ನೀವು ಮುಚ್ಚುವುದು ಸರಿಯಲ್ಲ. ಎಣ್ಣೆಯ ಅಳತೆ ನೂರೈವತ್ತು. ನೋಟ್‌ಬುಕ್ಕಿನ ಆ ಹಾಳೆಯನ್ನೇ ಹರಿದು ಇದರ ಜೊತೆ ಇಟ್ಟಿದ್ದೇನೆ. ಆದರೂ ಹಾಳೆಯನ್ನು ನೋಡಿ ಸುರಿಯಬೇಡಿ. ನಿಮ್ಮ ಸ್ಕೇಲು ಇಟ್ಟು ನೋಡಿ, ನಿಮ್ಮ ಕಣ್ಣಿಗೆ ಸರಿ ಅನ್ನಿಸಿದಷ್ಟು ಹಾಕಿ.

ಕೈ ಕೂಡಿದ ಮೇಲೆ ಅಕ್ಕ ಬೈಕನ್ನು ನಿಮ್ಮ ಹತ್ತಿರವೇ ತರುತ್ತಾಳೆ. ಆಗಲೂ ಯಾವುದಾದರೂ ವಿಷಯಕ್ಕೆ ‘ನನ್ನ ತಮ್ಮ ಹೀಗೆ ಹೇಳಿದ್ದಾನೆ’ ಎಂದು ಜಗಳಕ್ಕೆ ನಿಂತಾಳು. ಅವಳ ಸ್ವಭಾವವೇ ಹಾಗೆ. ಆಗ ದಯವಿಟ್ಟು ಅವಳ ಮಾತು ಕೇಳಬೇಡಿ.

ಅವಳ ತಮ್ಮ